ಮರುಳಸಿದ್ದಮ್ಮನ ಹೆಸರಿನ ಬೆಲ್ಲ

ಬೆಳಕು ಹರಿಯುವ ಮುಂಚೆ ಮರುಳಸಿದ್ದಮ್ಮ ಅಂಗಳ ಗುಡಿಸಿ, ಎಮ್ಮೆ ಹಿಂಡಿ, ಅತ್ತೆಗೆ ಬಿಸಿನೀರು ಕಾಯಿಸಿಕೊಟ್ಟು, ರೊಟ್ಟಿ ಬಡಿದು, ಗಂಡನ ಬಿಳಿ ಅಂಗಿಗೆ ಇಸ್ತ್ರಿ ಮಾಡಿ, ಉಳಿದ ಹೊತ್ತಿನಲ್ಲಿ ಸಾವಯವ ಬೆಲ್ಲ ಪೊಟ್ಟಣಕ್ಕೆ ತುಂಬಿ ಚೀಟಿ ಅಂಟಿಸುತ್ತಿದ್ದಳು. ಚೀಟಿಯ ಮೇಲೆ ಗಂಡ ಕೊಟ್ರಯ್ಯ ಕಬ್ಬು ಹಿಡಿದು ನಗುತ್ತಿದ್ದ. ಅವನು ಕಬ್ಬು ಹಿಡಿದದ್ದು ಆ ಫೋಟೊಗೆ ಮಾತ್ರ.

ಬೆಲ್ಲ ಮಾರುವ ಲೈಸೆನ್ಸ್ ಅವಳ ಹೆಸರಿನಲ್ಲಿತ್ತು. ಮನೆಯ ಲಕ್ಷ್ಮಿಯ ಹೆಸರಿನಲ್ಲಿ ವ್ಯಾಪಾರ ಶುರುವಾದರೆ ಕೈ ಹತ್ತುತ್ತದೆಂಬುದು ಕಂಪ್ಲಿಯ ಅವರ ಮನೆತನದ ನಂಬಿಕೆ. "ಸಹಿ ಮಾಡು, ಹೆಸರು ಅಷ್ಟ ನಿಂದು," ಎಂದಿದ್ದ ಕೊಟ್ರಯ್ಯ. ಆ ಮನೆಲಕ್ಷ್ಮಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದ್ದಳು.

ಅವರ ಬೆಲ್ಲ ಕಪ್ಪಗಿತ್ತು. ಹಂಪಿಯ ಪ್ರವಾಸಿಗರಿಗೆ ಬಂಗಾರದ ಬಣ್ಣವೇ ಬೇಕು. ಕೊಟ್ರಯ್ಯ ಬೇರೊಂದು ಆಲೆಮನೆಯಿಂದ, ಬಣ್ಣ ಬರಲೆಂದು ರಾಸಾಯನಿಕದ ಬಿಳಿ ಪುಡಿ ಹಾಕಿ ಕುದಿಸಿದ ಹಳದಿ ಬೆಲ್ಲ ತಂದು, ಅದಕ್ಕೂ ಅದೇ ಚೀಟಿ ಹಚ್ಚಲು ಹೇಳಿದ. "ಇದು ಸಾವಯವ ಅಲ್ಲಲ್ರೀ," ಎಂದು ಅವಳು ಅಂದದ್ದಕ್ಕೆ, "ನಿಂಗ್ಯಾಕ ಬೇಕು ವ್ಯಾಪಾರದ ಉಸಾಬರಿ?" ಎಂದಿದ್ದ.

ಆ ಉಸಾಬರಿ ಇವತ್ತು ಜಗಲಿಯ ಮೇಲೆ ಕುಳಿತು ಅವಳು ಮಾಡಿದ ಚಹಾ ಕುಡಿಯುತ್ತಿತ್ತು. ಯಾರೋ ದೂರು ಕೊಟ್ಟಿದ್ದರಿಂದ ಆಹಾರ ಸುರಕ್ಷತಾ ಅಧಿಕಾರಿ ಲಲಿತಾ ಸ್ಯಾಂಪಲ್ ತೆಗೆಯಲು ಬಂದಿದ್ದರು. ಕೊಟ್ರಯ್ಯ ಪ್ರಗತಿಪರ ಸಾವಯವ ರೈತನೆಂದು ಶಾಲು ಹೊದಿಸಿಕೊಳ್ಳಲು ಹೊಸಪೇಟೆಗೆ ಹೋಗಿದ್ದ.

"ತಪ್ಪು ಸಿಕ್ಕರ ಕೇಸು ಯಾರ ಮ್ಯಾಲ್ರೀ ಮೇಡಂ?"

"ಲೈಸೆನ್ಸ್ ಇದ್ದವರ ಮ್ಯಾಲೆ. ನಿಮ್ಮ ಮ್ಯಾಲೇ ಅಮ್ಮ."

"ಚೀಟಿ ಮ್ಯಾಗಿನ ಫೋಟೊದಾಗ ಮಾರಿ ನಮ್ಮನಿಯವರದೈತಲ್ರೀ."

"ಮಾರಿಗೆ ದಂಡ ಹಾಕಾಕ ಬರಂಗಿಲ್ಲ," ಲಲಿತಾ ನಕ್ಕರು. "ಚಹಾ ಮುಗಿಸ್ತೀನಿ, ಇದ್ದ ಬೆಲ್ಲ ಎಲ್ಲಾ ತೋರಿಸ್ರಿ."

ಮರುಳಸಿದ್ದಮ್ಮ ಉಗ್ರಾಣಕ್ಕೆ ಹೋಗುವಷ್ಟರಲ್ಲಿ, ಅಧಿಕಾರಿ ಬಂದ ಸುದ್ದಿ ಮುಟ್ಟಿದ ಗಂಡನ ಫೋನು ಬಂತು. ಹಿಂದೆ ಮೈಕಿನಲ್ಲಿ ಯಾರೋ ಕೊಟ್ರಯ್ಯನನ್ನು ಭೂತಾಯಿಯ ಮಗ ಎನ್ನುತ್ತಿದ್ದರು.

"ಏ, ಹಳದಿ ಬೆಲ್ಲದ ಚೀಲ ಹೊಟ್ಟಿನ ರಾಶಿ ಹಿಂದ ಸರಿಸು. ಕಪ್ಪು ಬೆಲ್ಲ ಅಷ್ಟ ತೋರಿಸು. ಜಲ್ದಿ! ನನ್ನ ಮಾನ ನಿನ್ನ ಕೈಯಾಗೈತಿ."

"ಅವರು ಹೋದ ಮ್ಯಾಲ?"

"ಹೋದ ಮ್ಯಾಲ ದಿನದಂಗ ಚೀಟಿ ಹಚ್ಚು."

ಅವಳು ಫೋನು ಇಟ್ಟಳು. ಬಚ್ಚಿಟ್ಟರೆ ಕೇಸಿಲ್ಲ, ನಾಳೆ ನಸುಕಿನಲ್ಲಿ ಮತ್ತೆ ಅದೇ ಚೀಟಿ, ಅದೇ ಸುಳ್ಳು. ತೋರಿಸಿದರೆ ಕೇಸು ಅವಳದೇ. ಹೊಲ ಅವನ ಹೆಸರಿನಲ್ಲಿ, ಮನೆ ಅವನ ಹೆಸರಿನಲ್ಲಿ. ಈ ಸಂಸಾರದಲ್ಲಿ ಅವಳ ಹೆಸರಿಗೆ ಬಂದದ್ದು ಈ ಬೆಲ್ಲದ ಲೈಸೆನ್ಸ್ ಒಂದೇ.

ಹೊರಗೆ ಲೋಟ ಕೆಳಗಿಟ್ಟ ಸದ್ದಾಯಿತು.

ಮರುಳಸಿದ್ದಮ್ಮ ಸೆರಗು ಸಿಕ್ಕಿಸಿ, ಹಳದಿ ಬೆಲ್ಲದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎಳೆದಳು.