ಚಂದ್ರಲೋಕಕ್ಕೆ ನಲವತ್ತು ಮೊಳ ಬಟ್ಟೆ

ಪುಕ್ಕಟೆ ಕಥೆ ಕೇಳುವವರಷ್ಟು ಸೊಕ್ಕಿನ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ರಬಕವಿಯ ನಮ್ಮ ಮನೆಯ ಪಡಸಾಲೆಯಲ್ಲಿ, ತಿಂಗಳಿಗೊಮ್ಮೆ ಅಮಾವಾಸ್ಯೆಯ ಮಧ್ಯಾಹ್ನ, ಇಂಥ ಹತ್ತು ಹನ್ನೆರಡು ಜನ ನನ್ನ ಮುಂದೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು. ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ಕೈಗೆ ಕೆಲಸವಿಲ್ಲದ ದಿನ ಬಾಯಿಗೆ ಕೆಲಸ ಬೇಕಲ್ಲ, ಅದಕ್ಕೆ ನನ್ನ ಕಥೆ ಸಿಕ್ಕಿತ್ತು.

ನನ್ನ ಕಥೆ ಎಂದೆ. ಅದು ನನ್ನದೆಂದು ಅವರಿಗೆ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲ. ನಾನು ಊರಿನ ಶಾಲೆಯಲ್ಲಿ ಮಾಸ್ತರ. ಧಾರವಾಡದ ಒಂದು ಮಾಸಿಕಕ್ಕೆ ಕಳ್ಳ ಹೆಸರಿಟ್ಟುಕೊಂಡು, ಚಂದ್ರನಿಗೆ ಹೋಗುವ ವಿಮಾನದ ಬಗ್ಗೆ ಧಾರಾವಾಹಿ ಬರೆಯುತ್ತಿದ್ದೆ. ಸಂಚಿಕೆ ನನ್ನ ಹೆಸರಿಗೇ ಬರುತ್ತಿತ್ತು. ಶಾಲೆಗೆ ಬರುತ್ತದೆ ಎಂದು ಸುಳ್ಳು ಹೇಳಿ ಈ ಜನಕ್ಕೆ ಓದಿ ಹೇಳುತ್ತಿದ್ದೆ. ಹೊಗಳಿಕೆ ಕೇಳುವ ಆಸೆ, ಮತ್ತೇನು? ಎಲ್ಲರೂ ಬಾಯ್ತುಂಬ ಹೊಗಳಿದ ದಿನ, ಅದರಲ್ಲೂ ಅಪ್ಪ ಹೊಗಳಿದ ದಿನ, ಬರೆದವನು ನಾನೇ ಎಂದು ಹೇಳಿ ಅವರ ಮೋರೆ ನೋಡಬೇಕೆಂದಿದ್ದೆ.

ಆ ದಿನ ಬರಲಿಲ್ಲ. ಬಂದದ್ದು ತಕರಾರು.

ತೇರದಾಳದಿಂದ ನೂಲು ತರುತ್ತಿದ್ದ ಜೈನ ಸಾವಕಾರರೊಬ್ಬರಿದ್ದರು. ನನ್ನ ಕಥೆಯಲ್ಲಿ ವಿಮಾನ ಹಾರಿಸುವ ಪಂಡಿತನನ್ನು ನಾನು ಜೈನನನ್ನಾಗಿ ಮಾಡಿದ್ದೆ. ಅದಕ್ಕೆ ಅವರು ಖುಷಿಪಡಬೇಕಿತ್ತು. ಅವರು ಕೇಳಿದ್ದು ಇದು: "ಮಾಸ್ತರ್ರ, ಚಂದ್ರನ ಮ್ಯಾಲೆ ರಾತ್ರಿ ಹದಿನೈದು ದಿನಾ ಅಂತ ನೀವ ಓದಿದ್ರಿ. ಹೊತ್ತು ಮುಳುಗಿದ ಮ್ಯಾಲೆ ನಾವು ಉಣ್ಣೂದಿಲ್ಲ. ಮತ್ತ ಈ ಪಂಡಿತ ನಕ್ಷತ್ರ ನೋಡಕೋತ ರೊಟ್ಟಿ ತಿಂತಾನಲ್ಲ, ಹೆಂಗ?"

ಮನುಷ್ಯ ಚಂದ್ರನ ಮೇಲೆ ಇಳಿದಿದ್ದಾನೆ, ಈ ಪುಣ್ಯಾತ್ಮರಿಗೆ ರೊಟ್ಟಿಯ ಚಿಂತೆ. ಸಿಟ್ಟಿನಲ್ಲೇ ಮುಂದಿನ ಪುಟ ಮಗುಚಿದೆ.

ಇವರಿಗಿಂತ ದೊಡ್ಡ ತಲೆನೋವು ಬನಹಟ್ಟಿಯಿಂದ ನಡೆದು ಬರುತ್ತಿದ್ದ ಒಬ್ಬ ಮಗ್ಗದ ಯಜಮಾನ. ನನ್ನ ಓರಗೆಯವ. ಬನಹಟ್ಟಿ ಬೇರೊಬ್ಬ ರಾಜರ ಸಂಸ್ಥಾನದ ಊರು, ಅಲ್ಲಿಯವರಿಗೆ ನಮ್ಮ ಊರಿನವರು ತಪ್ಪು ಅಂದದ್ದೆಲ್ಲ ಸರಿ. ಅವನು ನನ್ನ ಕಥೆಯ ಭಕ್ತ. ಪ್ರತಿ ಕಂತೂ ಬಾಯಿಪಾಠ. ಮೊದಲ ಕಂತಿನಲ್ಲಿ ವಿಮಾನಕ್ಕೆ ಮೂರು ಬಾಗಿಲು, ಎರಡನೆಯದರಲ್ಲಿ ಎರಡೇ ಎಂದು ಯಾರೋ ಹಿಡಿದರು. ನಾನು ಮರೆತು ಬರೆದದ್ದು ಅದು, ಅಷ್ಟೇ. ಇವನು ಎದ್ದು ನಿಂತು, "ಒಂದು ಬಾಗಲಾ ಒಳಗಿಂದ ಮುಚ್ಯಾರ. ಅದರಾಗ ಏನೋ ಗುಟ್ಟೈತಿ. ಬರದಾತ ಸಣ್ಣ ಮನಶ್ಯಾ ಅಲ್ಲ," ಎಂದು ವಾದಿಸಿದ. ನನ್ನ ಮರೆವನ್ನು ನನ್ನ ಜಾಣತನವೆಂದು ಒದರಾಡುವವನನ್ನು ಕಂಡು ನನಗೆ ಹೇಸಿಗೆಯಾಯಿತು. ತಪ್ಪು ಹಿಡಿಯುವವರನ್ನು ತಡೆದುಕೊಳ್ಳಬಹುದು, ತಪ್ಪಿಗೆ ಹೂವು ಏರಿಸುವವರನ್ನು ತಡೆದುಕೊಳ್ಳಲಾಗದು. ನಾಲ್ಕನೆಯ ಕಂತಿನಲ್ಲಿ ಮೂರನೆಯ ಬಾಗಿಲು ತೆರೆಯುತ್ತದೆ ಎಂದು ಅವನು ಪಣ ಕಟ್ಟಿದ್ದ. ನಾನು ಬೇಕೆಂದೇ ಆ ಬಾಗಿಲಿನ ಸುದ್ದಿ ಎತ್ತಲಿಲ್ಲ.

ಅಪ್ಪ ಇದರಲ್ಲೆಲ್ಲ ಬಾಯಿ ಹಾಕುತ್ತಿರಲಿಲ್ಲ. ನೇಯುವವರು ಕಾಲಿಡುವ ಮಗ್ಗದ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟುಕೊಂಡು ಕೂತು ಕೇಳುತ್ತಿದ್ದರು. ಅಕ್ಷರ ಬಾರದವರು. ನಾನು ಎಂಟನೇ ವಯಸ್ಸಿಗೇ ಜಮಖಂಡಿಯ ಬಳಗದವರ ಮನೆಯಲ್ಲಿದ್ದು ಓದಿದವನು. ಕೋಟು ಟೊಪ್ಪಿಗೆ ಹಾಕಿಕೊಂಡು ಊರಿಗೆ ಬಂದ ಮೇಲೆ ಮಗ್ಗವೆಂದರೆ ನನಗೆ ಬರೀ ಸಪ್ಪಳ, ಬರೆಯಲು ಬಿಡದ ಕಿರಿಕಿರಿ. ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು ಎಂಬಷ್ಟು ಗೊತ್ತಿತ್ತು. ಹೆಚ್ಚಿಗೆ ಗೊತ್ತು ಮಾಡಿಕೊಳ್ಳುವ ಗರಜು ಬಿದ್ದಿರಲಿಲ್ಲ.

ಮೂರನೆಯ ಕಂತಿನಲ್ಲಿ, ಚಂದ್ರನ ಮೇಲೆ ಇಳಿದ ಹಿತ್ತಾಳೆಯ ವಿಮಾನದ ಬಟ್ಟೆಯ ಹೊದಿಕೆ ಹರಿಯುತ್ತದೆ. ಪಂಡಿತನ ಹೆಂಡತಿ ವಿಮಾನದೊಳಗೇ ಮಗ್ಗ ಹೂಡಿ, ಮುಂಜಾನೆಯಿಂದ ಸಂಜೆಯೊಳಗೆ ನಲವತ್ತು ಮೊಳ ಗಟ್ಟಿ ಬಟ್ಟೆ ನೇಯ್ದು ಎಲ್ಲರ ಜೀವ ಉಳಿಸುತ್ತಾಳೆ. ಬರೆಯುವಾಗ ನನ್ನ ಕಣ್ಣಲ್ಲೇ ನೀರು ಬಂದಿತ್ತು. ಓದಿ ಮುಗಿಸಿ ತಲೆ ಎತ್ತಿದೆ. ಪಡಸಾಲೆಯೆಲ್ಲ ಗಪ್‌ಚಿಪ್. ಗೆದ್ದೆ ಅಂದುಕೊಂಡೆ.

ಆಗ ಅಪ್ಪ ಕೇಳಿದರು, "ಹಾಸು ಎಲ್ಲೆ ಹಾಸಿದಳು?"

"ಅಂದ್ರ?"

"ನಲವತ್ತ ಮೊಳದ ಹಾಸು ಅಂದ್ರ ನಮ್ಮ ಓಣಿ ಈ ತುದಿಯಿಂದ ಆ ತುದಿ ಬೇಕು. ಗಂಜಿ ಹಚ್ಚಬೇಕು, ಬಿಸಲಿಗೆ ಒಣಗಬೇಕು. ವಿಮಾನದಾಗ ಓಣಿ ಎಲ್ಲಿಂದ ಬಂತು? ಮತ್ತ ಲಾಳಿಗೆ ಹಾಕೂ ಕಂಡಕಿಗೆ ನೂಲು ಸುತ್ತಿ ಕೊಡಾಕ ಯಾರಿದ್ದರು? ಒಂದ ದಿನಕ್ಕ ನಲವತ್ತ ಮೊಳಾ ನೇಯಾಕ ಆಕಿಗೇನ ಎಂಟ ಕೈ ಅದಾವ?"

ಪಡಸಾಲೆಗೆ ಪಡಸಾಲೆಯೇ ಸ್ಫೋಟಿಸಿತು. ಇಷ್ಟು ಹೊತ್ತು ಎಲ್ಲರಿಗೂ ಅದೇ ಚುಚ್ಚುತ್ತಿತ್ತಂತೆ. ಒಬ್ಬ ಎಳೆ ಲೆಕ್ಕ ಹಾಕಿದ, ಇನ್ನೊಬ್ಬ ಮಗ್ಗದ ಹಣಿಗೆಯ ಅಗಲ ಕೇಳಿದ. ಹಿತ್ತಾಳೆಯ ವಿಮಾನ ಚಂದ್ರನಿಗೆ ಹಾರಿದ್ದನ್ನು ಈ ಮಂದಿ ನೀರು ಕುಡಿದಷ್ಟು ಸಲೀಸಾಗಿ ನುಂಗಿದ್ದರು. ಚಂದ್ರನ ಮೇಲಿನ ಎರಡು ಬಾಯಿಯ ಜನರನ್ನೂ ನುಂಗಿದ್ದರು. ಬಟ್ಟೆ ಮಾತ್ರ ಗಂಟಲಲ್ಲಿ ಸಿಕ್ಕಿತ್ತು! ಬನಹಟ್ಟಿಯ ಭಕ್ತನೊಬ್ಬನೇ, "ಚಂದ್ರಲೋಕದ ದಿನಾ ಉದ್ದ ಇರತೈತ್ರಿ ಕಾಕಾ," ಎಂದು ಕೂಗಾಡಿದ. ಅವನೂ ನೇಕಾರನೇ ಆದ್ದರಿಂದ ದನಿಯಲ್ಲಿ ಜೋರಿರಲಿಲ್ಲ.

"ಇದನ್ನ ಬರದಾಂವ ನೇಕಾರರ ಮನಿ ಹೊಸ್ತಲಾ ತುಳದಾಂವ ಅಲ್ಲ ಬಿಡ್ರಿ," ಎಂದರು ಅಪ್ಪ.

ನನ್ನ ಮೈಯೆಲ್ಲ ಉರಿದುಹೋಯಿತು. ಓಣಿ ದಾಟಿ ಲೋಕ ಕಾಣದವರು, ಕಲ್ಪನೆ ಎಂದರೆ ಏನು ತಿಳಿದೀತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅದೇ ವಾರ ಸಂಪಾದಕರ ಪತ್ರ ಬಂತು. ಕಾಗದದ ಅಭಾವ, ಪುಟ ಕಡಿಮೆ ಮಾಡುತ್ತಿದ್ದೇವೆ, ನಿಮ್ಮ ಧಾರಾವಾಹಿಯ ಬಗ್ಗೆ ಓದುಗರಿಂದ ಒಂದು ಒಳ್ಳೆಯ ಮಾತೂ ಬಂದಿಲ್ಲ, ಹೀಗೇ ಆದರೆ ನಿಲ್ಲಿಸಬೇಕಾಗುತ್ತದೆ ಎಂದು. ಬರೆಯುವುದೊಂದು ಬಿಟ್ಟರೆ ನನ್ನ ಪಾಲಿಗೆ ಉಳಿಯುತ್ತಿದ್ದುದು ಮಗ್ಗಿ ಹೇಳಿಸುವ ಕೆಲಸ ಮಾತ್ರ.

ಮರುದಿನ ಮುಂಜಾನೆ ಅಪ್ಪ ನನ್ನ ಮುಂದೆ ಬಂದು ಕೂತರು. "ತಮ್ಮಾ, ಆ ಮಾಸಿಕದವರಿಗೆ ಒಂದು ಪತ್ರ ಬರಕೊಡು. ನಾ ಹೇಳತೀನಿ."

ಅವರು ಹೇಳಿದರು, ನಾನು ಎದುರಿಗೇ ಬರೆದೆ. "ಸಂಪಾದಕರಿಗೆ ಶರಣು. ಕಥಿ ಛಲೋ ಐತ್ರಿ. ಅಮಾಸಿ ಯಾವಾಗ ಬರತೈತೋ ಅಂತ ಕಾಯತೇವಿ. ಆದರ ಬಟ್ಟಿ ನೇಯೂ ವಿಷಯ ತಪ್ಪೈತಿ. ಬರದವರಿಗೆ ತಿಳಿಸ್ರಿ. ಅವರು ರಬಕವಿಗೆ ಬಂದ್ರ ಮಗ್ಗದಾಗ ಕೂಡಿಸಿ ಎಲ್ಲಾ ತೋರಸತೀನಿ. ಊಟಾ ವಸತಿ ನಮ್ಮ ಮನ್ಯಾಗ."

ಶಾಲೆಗೆ ಹೋಗಿ ಆ ಕಾಗದ ಹರಿದು ಹಾಕಿದೆ. ನನ್ನ ಅಕ್ಷರ ಸಂಪಾದಕರಿಗೆ ಗೊತ್ತಿದ್ದುದರಿಂದ ಎಡಗೈಯಲ್ಲಿ ಬೇರೆಯೇ ಬರೆದೆ. ಐವತ್ತು ವರ್ಷ ಮಗ್ಗದಲ್ಲಿ ಕೂತ ಮುದುಕ ನಾನು, ಬಟ್ಟೆ ನೇಯುವ ಆ ಪ್ರಸಂಗ ಓದಿಸಿ ಕೇಳಿ ಬೆರಗಾದೆ, ಬರೆದವರ ಕೈಗೆ ನಮಸ್ಕಾರ, ಈ ಕಥೆ ನಿಲ್ಲಬಾರದು ಎಂದು. ಕೆಳಗೆ ಅಪ್ಪನ ಹೆಸರು. ನನಗೆ ಆಗ ನಾಚಿಕೆಯಾಗಲಿಲ್ಲ. ಎಷ್ಟು ಚೆನ್ನಾಗಿ ಮುದುಕನ ಧಾಟಿ ಹಿಡಿದೆ ಎಂದು ಹೆಮ್ಮೆಯೇ ಆಯಿತು.

ಐದನೆಯ ಕಂತಿನ ಸಂಚಿಕೆಯಲ್ಲಿ ಪತ್ರ ಅಚ್ಚಾಯಿತು, ಚೌಕಟ್ಟು ಹಾಕಿ, ಊರು ಹೆಸರು ಸಮೇತ. ಧಾರಾವಾಹಿ ಮುಂದುವರಿಯುತ್ತದೆ ಎಂದು ಸಂಪಾದಕರು ನನಗೆ ಬೇರೆ ಬರೆದರು. ಓದುವವನು ನಾನೇ ತಾನೆ, ಆ ಪುಟ ಬಿಟ್ಟು ಓದಿದರಾಯಿತು ಎಂದುಕೊಂಡು ಅಮಾವಾಸ್ಯೆಗೆ ಕೂತೆ.

ಬನಹಟ್ಟಿಯವನು ಈ ಸಲ ತನ್ನದೇ ಪ್ರತಿ ತರಿಸಿಕೊಂಡಿದ್ದ. ಚಪ್ಪಲಿ ಬಿಡುವ ಮೊದಲೇ ಕೂಗಿದ, "ಏನ್ ಕಾಕಾ! ನಮ್ಮ ಮುಂದ ಅಷ್ಟ ಬೈದು, ಒಳಗಿಂದೊಳಗ ಹಿಂಗ ಹೊಗಳಿ ಬರಸೀರಿ?" ನಿಂತಲ್ಲೇ ಪತ್ರವನ್ನು ಪೂರ್ತಿ ಓದಿದ. ಕಾಗುಣಿತ ಕೂಡಿಸಿ ಕೂಡಿಸಿ, ನಿಧಾನವಾಗಿ.

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ನನ್ನ ಕಡೆ ನೋಡಿದರು. ಬಹಳ ಹೊತ್ತೇನಲ್ಲ.

"ಹೌದ, ನಾನ ಬರಸೇನಿ," ಎಂದರು.

ನಕ್ಕರು ನೋಡಿ ಆ ಜನ! ಹಾಸಿನಲ್ಲಿ ಒಂದು ಎಳೆ ತಪ್ಪಿದರೂ ಅಪ್ಪನನ್ನು ಕರೆದು ಕೇಳುತ್ತಿದ್ದವರು ತೊಡೆ ತಟ್ಟಿಕೊಂಡು ನಕ್ಕರು. ಪೇಪರಿನಾಗ ಹೆಸರು ಬರತೈತಿ ಅಂದ್ರ ಮುದಕಪ್ಪಗೂ ಆಸೆ ಬಿಟ್ಟಿಲ್ಲ ಎಂದ ಒಬ್ಬ. ತೇರದಾಳದ ಸಾವಕಾರರು ನಗಲಿಲ್ಲ. "ಯಜಮಾನ್ರ, ನೀವೂ ಹಿಂಗ ಮಾಡಿದ್ರಿ?" ಎಂದು ಮೆತ್ತಗೆ ಕೇಳಿದರು. ಅಪ್ಪ ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಬಾಯಿ ತೆರೆದು ಒಂದು ಮಾತು ಹೇಳಬೇಕಿತ್ತು. ಸಂಚಿಕೆ ಬಿಡಿಸಿ ಐದನೆಯ ಕಂತು ಓದಲು ಶುರುಮಾಡಿದೆ. ಆ ಪಡಸಾಲೆಯಲ್ಲಿ ಎಂಥೆಂಥವರನ್ನೋ ಮನಸ್ಸಿನಲ್ಲಿ ಹೀಯಾಳಿಸಿದ್ದೇನೆ. ನನ್ನಷ್ಟು ಹೇಡಿ ಅಲ್ಲಿ ಇನ್ನೊಬ್ಬನಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಪ್ಪ ಚಾಪೆ ಸುತ್ತುತ್ತ ಕೇಳಿದರು, "ಕಥಿ ನಿಂದ ಹೌದಲ್ಲೋ?"

"ಹೌದು ಯಪ್ಪಾ."

"ಮತ್ತ ನನ್ನ ಕೇಳಬೇಕಿತ್ತಲ್ಲೋ ತಮ್ಮಾ. ನಾ ಮನ್ಯಾಗ ಇದ್ದೆನಲ್ಲ."

ಬೈದಿದ್ದರೆ ಎದುರು ಮಾತು ತಯಾರಿತ್ತು. ಅವರು ಚಾಪೆಯನ್ನು ಗೋಡೆಗೆ ಒರಗಿಸಿ ಹಿತ್ತಲಿಗೆ ಹೋದರು.

ಧಾರಾವಾಹಿ ಇನ್ನೂ ಒಂದು ವರ್ಷ ನಡೆಯಿತು. ಜನ ಬಂದರು, ತಕರಾರು ತೆಗೆದರು, ಕೂಗಾಡಿದರು. ಅಪ್ಪನೂ ಪ್ರತಿ ಸಲ ಕುಣಿಯ ಅಂಚಿನಲ್ಲಿ ಕೂತು ಕೊನೆಯವರೆಗೆ ಕೇಳುತ್ತಿದ್ದರು. ನಾನು ಬೇಕೆಂದೇ ಒಂದೆರಡು ಕಡೆ ಮಗ್ಗದ ಮಾತು ತಪ್ಪಾಗಿ ಬರೆದೆ, ಹಿಡಿಯಲಿ ಎಂದು. ಉಳಿದವರೆಲ್ಲ ಹಿಡಿದರು. ಅಪ್ಪ ಮಾತ್ರ, "ಛಲೋ ಐತಿ," ಎಂದು ಎದ್ದು ಹೋದರು.