ಕಾಯೋಕೆ ಕಲಿತ ಪೆಟ್ಟಿಗೆ

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಈಗ ಕಡೆಗೆ ಏಳೋಳು ನಾನೇ. ಮುದ್ದೆಗೆ ಹಲ್ಲು ಬೇಕಿಲ್ಲ, ನುಂಗಿದರೆ ಆಯಿತು. ಆದರೆ ಸಾರಿನೊಳಗೆ ಅವರೆಕಾಳು ಇರುತ್ತದಲ್ಲ, ಅದು ನನ್ನ ಬಾಯಲ್ಲಿ ಉಳಿದಿರೋ ನಾಕು ಹಲ್ಲನ್ನು ಹುಡುಕಿಕೊಂಡು ಆ ದವಡೆಯಿಂದ ಈ ದವಡೆಗೆ ಅಲೆಯುವಷ್ಟರಲ್ಲಿ ಉಳಿದವರ ತಟ್ಟೆ ಬರಿದಾಗಿರುತ್ತದೆ. ಆದರೂ ಯಾರೂ ಏಳಲ್ಲ, ಕೈ ಒಣಗಿಸಿಕೊಂಡು ಕೂತಿರುತ್ತಾರೆ. ನಮ್ಮದು ಕುರಿ ಕಾಯ್ದ ಮನೆತನ. ಜೊತೆಗೆ ಉಣ್ಣೋಕೆ ಕೂತವರು, ಎಲ್ಲರಿಗಿಂತ ನಿಧಾನದವರ ಕಡೇ ತುತ್ತು ಇಳಿಯೋವರೆಗೆ ಎದ್ದು ಕೈ ತೊಳೆಯಬಾರದು ಅನ್ನೋದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಇದರಲ್ಲಿ ದೊಡ್ಡ ಧರ್ಮವೇನೂ ಇಲ್ಲ. ಎದ್ದರೆ ಬೈಗುಳ ಬೀಳುತ್ತದೆ, ಅದಕ್ಕೆ ಕೂರುತ್ತಾರೆ.

ಹಿಂಗೆ ಕಾಳು ಅಗಿಯುತ್ತಾ ಕೂತಾಗ ನನಗೆ ನೆನಪಾಗೋದು ಒಂದು ಕಂಪ್ಯೂಟರು. ನಗುವವರು ನಕ್ಕು ಮುಗಿಸಿ, ನಾನು ಕಾಯ್ತೀನಿ.

ಎಂಬತ್ತರ ದಶಕ ಮುಗೀತಾ ಬಂದಿತ್ತು. ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ನಾನು ಕಸ ಗುಡಿಸಿ ನೀರು ತುಂಬಿಸೋ ಆಯಾ. ಅಲ್ಲಿಗೆ ಟಿ.ವಿ.ಯಂಥ ಒಂದು ಮುಖ, ಗುಂಡಿಗಳ ಒಂದು ಹಲಗೆ, ಒಂದು ಟೇಪ್ ರೆಕಾರ್ಡರು, ಇಷ್ಟನ್ನು ಸೇರಿಸಿ ಕಂಪ್ಯೂಟರು ಅಂತ ತಂದಿಟ್ಟರು. ಬೆಟ್ಟದ ಕೋತಿ ನುಗ್ಗಬಾರದು ಅಂತ ಆ ಕೋಣೆಯ ಕಿಟಕಿಗೆ ಜಾಲರಿ, ಧೂಳಿಗೆ ಪರದೆ, ಒಳಗೆ ಹೋಗೋರ ಚಪ್ಪಲಿ ಬಾಗಿಲಾಚೆ. ನಾನು ಆ ಸ್ಕೂಲಿನಲ್ಲಿ ಇದ್ದಷ್ಟು ಕಾಲವೂ ಅಂಥ ಮರ್ಯಾದೆ ಯಾವ ಮನುಷ್ಯರಿಗೂ ಸಿಕ್ಕಿದ್ದು ಕಾಣೆ. ಆಯುಧಪೂಜೆಯ ದಿನ ನಾನೂ ಸುಮ್ಮನಿರದೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಅಕ್ಷತೆ ಹಾಕಿದೆ. ಅಕ್ಕಿಕಾಳು ಗುಂಡಿಗಳ ಸಂದಿಗೆ ಇಳಿದು, ಲೆಕ್ಕದ ಮೇಷ್ಟ್ರು ನನ್ನ ತಲೆಯ ಪಿನ್ನನ್ನೇ ಇಸಕೊಂಡು ಒಂದೊಂದಾಗಿ ಕೆದಕಿ ತೆಗೆದರು. ಅಕ್ಕಿ ಹೋಯಿತು, ಅದು ದೇವರು ಅನ್ನೋದು ಮಾತ್ರ ಮಕ್ಕಳ ತಲೆಯಲ್ಲಿ ಉಳಿಯಿತು.

ಈ ಮೇಷ್ಟ್ರು ಪಾವಗಡದ ಆಚೆ ನಿಡುಗಲ್ ಕಡೆಯವರು, ತಲೆ ಬಿಸಿಯಾದರೆ ತೆಲುಗಿನಲ್ಲಿ ಗೊಣಗೋರು. ಕೆಲವರಿಗೆ ಬೀಡಿ, ಕೆಲವರಿಗೆ ಇಸ್ಪೀಟು ಇದ್ದಂಗೆ ಇವರಿಗೆ ಆ ಪೆಟ್ಟಿಗೆ. ಅದರ ಜೊತೆ ಕ್ಯಾಸೆಟ್ಟಿನಲ್ಲಿ ಬಂದಿದ್ದ ಪಾಠಗಳೊಳಗೆ ಸಣ್ಣಪುಟ್ಟ ಕಿರಿಕಿರಿ ಏನಿದೆ ಅಂತ ಹುಡುಕಿ, ಯಾರೂ ಕೇಳದಿದ್ದರೂ ತಿದ್ದೋರು. ಮಕ್ಕಳು ಲೆಕ್ಕ ತಪ್ಪಿದರೆ ಅದು ಇಂಗ್ಲಿಷಿನಲ್ಲಿ ತಪ್ಪು ಅಂತ ಮುಖಕ್ಕೆ ಹೊಡೆದಂಗೆ ಹೇಳೋದು. ‘ಇನ್ನೊಂದ್ಸಲ ನೋಡು’ ಅನ್ನೋ ಹಾಗೆ ಮಾಡಿದರು. ಕರೆಂಟು ಹೋಗಿ ಬಂದರೆ ಮೊದಲನೇ ಲೆಕ್ಕದಿಂದ ಶುರುಮಾಡಬೇಕಿತ್ತು, ನಮ್ಮೂರಲ್ಲಿ ಕರೆಂಟಿಗೆ ಹೋಗೋದೇ ಕೆಲಸ. ಬೇಕಾದ ಲೆಕ್ಕದಿಂದ ಶುರುಮಾಡೋ ಹಾಗೆ ಮಾಡಿದರು. ಪಾಠದ ಕೊನೆಗೆ ‘ಮುಗಿಯಿತು’ ಅನ್ನುತ್ತಿತ್ತಂತೆ. ಅದು ಅಪಶಕುನ ಅಂದೆ. ನಕ್ಕರು, ಮಾರನೇ ದಿನ ಅದು ‘ಹೋಗಿ ಬಾ’ ಅಂತಿತ್ತು. ಹೆಡ್ಮಾಸ್ಟರು, “ಬಂದಂಗೆ ಇರ್ಲಿ ಬಿಡ್ರೀ, ನಿಮಗ್ಯಾಕೆ ಈ ಚಟ” ಅಂದರೆ, “ಚಪ್ಪಲಿ ಕಚ್ಚಿದ್ರೆ ಎಣ್ಣೆ ಹಚ್ಚಲ್ವೇ ಸಾರ್” ಅನ್ನೋರು.

ಅದೇ ಸ್ಕೂಲಿನಲ್ಲಿ ಎಂಟನೇ ಕ್ಲಾಸಿನಲ್ಲಿದ್ದಳು ನನ್ನ ಕಡೇ ಮಗಳು ಈರಿ. ಕೂಸಾಗಿದ್ದಾಗ ಪೋಲಿಯೋ ಬಂದು ಅವಳ ಬಲಗೈ ಸೊರಗಿತ್ತು. ಅನ್ನ, ದೀಪ, ಪುಸ್ತಕ ಇವನ್ನು ಎಡಗೈಯಲ್ಲಿ ಮುಟ್ಟಬಾರದು ಅಂತ ನಾನೇ ಹೊಡೆದು ಕಲಿಸಿದ್ದೆ. ಹಂಗಾಗಿ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಉಣ್ಣೋಳು ಅವಳೇ, ನಾವೆಲ್ಲ ಅವಳಿಗಾಗಿ ಕೈ ಒಣಗಿಸಿಕೊಂಡು ಕೂರೋರು. ಕುಂಕುಮ ಇಟ್ಟ ಕಂಪ್ಯೂಟರಿಗೂ ಅವಳು ಎಡಗೈ ಹಚ್ಚಲಿಲ್ಲ. ಮೇಷ್ಟ್ರು ಎಡಗೈಲೇ ಒತ್ತು ಅಂದರೂ ಕೇಳಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಎತ್ತಿ, ಗುಂಡಿಯ ಮೇಲೆ ತಂದು ಇಳಿಸೋಳು. ಉತ್ತರ ತಲೆಯಲ್ಲಿ ಆಗಲೇ ಇರುತ್ತಿತ್ತು; ಬೆರಳು ಬರುವಷ್ಟರಲ್ಲಿ ಪೆಟ್ಟಿಗೆ ಕುಂಯ್ ಅಂತ ಅರಚಿ ಅವಳನ್ನು ಮೊದಲ ಲೆಕ್ಕಕ್ಕೆ ಎಸೆಯೋದು. ಕ್ಲಾಸೆಲ್ಲ ನಗೋದು.

ಒಂದು ಶನಿವಾರ ಮನೆಗೆ ಬಂದು ಸ್ಕೂಲಿನ ಚೀಲ ಗೂಟಕ್ಕೆ ನೇತುಹಾಕಿ, “ಅವ್ವ, ನಾನಿನ್ನು ಸ್ಕೂಲಿಗೆ ಹೋಗಲ್ಲ. ಮಾವನ ಜೊತೆ ಕುರಿ ಹಿಂದೆ ಹೋಗ್ತೀನಿ” ಅಂದಳು. ಅಳಲಿಲ್ಲ. ಅತ್ತಿದ್ದರೆ ಎರಡು ಬಾರಿಸಿ ಕಳಿಸಬಹುದಿತ್ತು. ಈರಿ ಒಂದು ಸಲ ಹೀಗೆ ತಣ್ಣಗೆ ಬೇಡ ಅಂದರೆ ಅದು ಬೇಡವೇ.

ನಾನು ನೆಟ್ಟಗೆ ಮೇಷ್ಟ್ರ ಹತ್ತಿರ ಹೋದೆ.

“ಅದ್ಯಾಕೆ ಮೇಷ್ಟ್ರೆ ಅಂಗೆ ಅರಚ್ತದೆ?”

“ಹೊತ್ತು ಮೀರ್ತು ಅಂತ ಕಣಮ್ಮ.”

“ಯಾರ ಹೊತ್ತು?”

ಅವರ ಉತ್ತರಕ್ಕೆ ನಾನು ಕಾಯಲಿಲ್ಲ.

“ನಮ್ಮನೇಲಿ ಕಡೇ ತುತ್ತು ಇಳಿಯೋಗಂಟ ಯಾರೂ ಏಳಲ್ಲ. ನಿಮ್ಮ ಪೆಟ್ಟಿಗೆ ಮಗೀನ ಮುಂದೆ ಅರ್ಧ ಊಟಕ್ಕೇ ಎದ್ದೋಯ್ತದೆ. ಈರಿ ಸ್ಕೂಲು ಬುಟ್ಟವಳೆ.”

ಭಾನುವಾರ ನನ್ನ ಕೈಲಿ ಕೋಣೆ ಬೀಗ ತೆಗೆಸಿದರು. ‘ಇಷ್ಟು ಎಣಿಸು, ಆಮೇಲೆ ಕೂಗು’ ಅನ್ನೋ ಅರ್ಥದ ಒಂದು ಸಾಲು ಅದರೊಳಗೆ ಇತ್ತಂತೆ. ಮೊದಲು ಎಣಿಕೆ ಉದ್ದ ಮಾಡಿದರು. ಆಗ ಉತ್ತರ ಒತ್ತಿದ ಮೇಲೂ ಅದು ಎಣಿಸಿ ಮುಗಿಸೋವರೆಗೆ ಅಲ್ಲಾಡದೆ ಎಮ್ಮೆಯಂಗೆ ನಿಂತಿತು. “ಏಂ ಖರ್ಮರಾ ಇದಿ” ಅಂತ ತಮ್ಮ ಹಣೆ ತಾವೇ ಬಡಿದುಕೊಂಡರು. ನಾನು ನೆಲ ಒರೆಸಿ, ನೀರು ತಂದು, ಕೋತಿ ಓಡಿಸಿ ಬಂದರೂ ಅವರು ಎದ್ದಿರಲಿಲ್ಲ. ಆಮೇಲೆ ಎಣಿಸೋದನ್ನೇ ತೆಗೆದುಹಾಕಿ, ಗುಂಡಿ ಒತ್ತೋವರೆಗೆ ಸುಮ್ಮನೆ ಕೂತಿರು ಅಂತ ಬರೆದರು.

ಸೋಮವಾರ ಈರಿಯನ್ನು ದರದರ ಎಳೆದುಕೊಂಡು ಹೋದೆ. “ಒಂದು ಲೆಕ್ಕ ಮಾಡು, ಆಮೇಲೆ ಕುರಿಗೆ ಹೋಗು” ಅಂದೆ. ಪರದೆಯ ಸಂದಿಯಿಂದ ನೋಡುತ್ತಾ ನಿಂತೆ. ಲೆಕ್ಕ ಬಂತು. ಅವಳು ಕೈ ಎತ್ತಿದಳು; ಕೈ ಜಾರಿತು, ಮತ್ತೆ ಎತ್ತಿದಳು. ಪೆಟ್ಟಿಗೆ ಅರಚಲಿಲ್ಲ. ಒಂದು ಸಣ್ಣ ಬಿಳಿ ಗೆರೆ ಕಣ್ಣು ಮಿಟುಕಿಸಿದಂಗೆ ಹತ್ತಿ ಆರುತ್ತಾ ಅಲ್ಲೇ ಕೂತಿತ್ತು. “ಲೇ, ನಿದ್ದೆ ಹೋಗ್ಬುಡ್ತು ಕಣ್ಲಾ” ಅಂತ ಹಿಂದಿನ ಸಾಲಿನವನೊಬ್ಬ ಅಂದ. ಅದಕ್ಕೆ ಮೇಷ್ಟ್ರು, “ಅದು ನಿದ್ದೆಯಲ್ಲ ಕಣೋ, ಅವಳು ಉಣ್ತಾವ್ಳೆ, ಕೂತೈತೆ” ಅಂದರು. ಹುಡುಗರಿಗೆ ಅರ್ಥವಾಗಲಿಲ್ಲ. ಈರಿಗೆ ಆಯಿತು. ಬೆರಳು ಇಳಿಸಿದಳು. ‘ಸರಿ’ ಅಂತ ಬಂತು. ಅವಳು ತಿರುಗಿ ನನ್ನ ಕಡೆ ನೋಡಲಿಲ್ಲ, ಮುಂದಿನ ಲೆಕ್ಕಕ್ಕೆ ಕೈ ಎತ್ತಿದಳು. ನಾನು ಪೊರಕೆ ತಗೊಂಡು ಹೋದೆ. ಎಷ್ಟು ಹೊತ್ತು ಅಂತ ಅಲ್ಲೇ ನಿಲ್ಲೋದು, ಅಂಗಳ ಗುಡಿಸೋರು ಯಾರು?

ಆ ತಿದ್ದಿದ ಕ್ಯಾಸೆಟ್ಟನ್ನು ಕೊರಟಗೆರೆಯ ಇನ್ನೊಬ್ಬ ಮೇಷ್ಟ್ರು ಕೇಳಿಕೊಂಡು ಹೋದರು. ಅಲ್ಲಿ ಯಾವ ಮಗುವಿಗೆ ಕಾಯಿತೋ. ನಮ್ಮ ಮೇಷ್ಟ್ರಿಗೆ ಶಿರಾಕ್ಕೆ ವರ್ಗವಾಯಿತು. ಕಂಪ್ಯೂಟರು ಕೆಟ್ಟು, ಅದರ ಮೇಲೆ ನಾನು ಹಳೇ ಭೂಪಟಗಳನ್ನು ಪೇರಿಸಿದೆ. ಈರಿ ಓದಿ ಮುಗಿಸಿ ಇದೇ ಊರಿನಲ್ಲಿ ಕೆಲಸ ಹಿಡಿದು, ಗಂಡ ಮಕ್ಕಳ ಜೊತೆ ನನ್ನನ್ನೂ ಇಟ್ಟುಕೊಂಡಿದ್ದಾಳೆ. ಮಧ್ಯಾಹ್ನ ಎಷ್ಟೇ ಅವಸರವಿದ್ದರೂ, ಆ ಸೊರಗಿದ ಕೈಯನ್ನು ತಟ್ಟೆಯ ಅಂಚಿನಲ್ಲಿ ಒಣಗಿಸಿಕೊಂಡು, ಆ ಬಿಳಿ ಗೆರೆಯಂಗೆ ಕಣ್ಣು ಮಿಟುಕಿಸುತ್ತಾ ನನ್ನೆದುರು ಕೂತಿರುತ್ತಾಳೆ.

ಮೊನ್ನೆ ರೇಗಿ ಕೇಳಿದೆ, “ಈ ಕಾಳನ್ನ ಇನ್ನೊಂಚೂರು ಬೇಯಿಸೋಕೆ ನಿಂಗೇನೇ ರೋಗ?”

“ಬೇಯಿಸಿದ್ರೆ ನೀನು ಬಿರ್‍ರನೆ ಉಂಡು ಎದ್ದೋಗ್ಬುಡ್ತೀಯಲ್ಲವ್ವ” ಅಂದಳು.

ಸೋಮಾರಿಗಳು ಏನಾದರೊಂದು ನೆಪ ಹೇಳುತ್ತಾರೆ. ನಾನು ಇನ್ನೊಂದು ಕಾಳು ಬಾಯಿಗೆ ಹಾಕಿಕೊಂಡೆ.