ಕೆರೆ ದಾಟಿದ ಹೆಣ್ಣು

ಯಳಂದೂರಿಗೆ ಹತ್ತಿರದ ನಮ್ಮೂರಿನಲ್ಲಿ ಸಿನಿಮಾ ಇರಲಿಲ್ಲ, ಹೋಟೆಲೂ ಇರಲಿಲ್ಲ. ಕೆರೆ ಇತ್ತು. ಬೇಸಿಗೆಯ ಸಂಜೆ ಊರಿಗೆ ಊರೇ ಏರಿಯ ಮೇಲಿರುತ್ತಿತ್ತು. ಗಂಡಸರು ಹುಣಸೆಮರದ ಕೆಳಗೆ ಚೌಕಾಬಾರ ಆಡುತ್ತಿದ್ದರು, ಕೆಲವರು ಗಾಳ ಹಾಕಿ ಕೂರುತ್ತಿದ್ದರು, ಹುಡುಗರು ತೂಬಿನ ಕಲ್ಲಿನಿಂದ ದುಡುಮ್ಮನೆ ಧುಮುಕುತ್ತಿದ್ದರು. ಹೆಣ್ಣುಮಕ್ಕಳಿಗೆ ಕೆರೆಯೆಂದರೆ ಬಟ್ಟೆ ಒಗೆಯುವ ಕಲ್ಲು, ಅಷ್ಟೆ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಉರಿ ಅಪ್ಪನಿಗೆ ಗೊತ್ತಿತ್ತು. ಒಂದು ಬೇಸಿಗೆ ನನ್ನ ಲಂಗಕ್ಕೆ ಕಚ್ಚೆ ಹಾಕಿಸಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ತಾನೇ ನೀರಿಗಿಳಿಸಿದ. ಬುರುಡೆ ತೇಲಿಸುತ್ತದೆ, ಕೈಕಾಲು ನಾವು ಬಡಿಯಬೇಕು. ಏರಿಯ ಮೇಲೆ ಅಜ್ಜಿಯ ಕೂಗಾಟ: “ಲೇ, ನಿಂಗೆ ಬುದ್ಧಿ ನೆಟ್ಟಗಿದ್ದದಾ? ಈಜೋ ಹೆಣ್ಣ ಯಾವನ್ಲಾ ಕಟ್ಕತಾನೆ?” ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಮರುವರ್ಷ ಬುರುಡೆ ಬಿಚ್ಚಿದ. ಅದರ ಮುಂದಿನ ಬೇಸಿಗೆ ನಾನು ಈ ದಡದಿಂದ ಆ ದಡ ಮುಟ್ಟಿದೆ. ಊರ ಹುಡುಗರ ಮುಖ ನೋಡಬೇಕಿತ್ತು, ಹರಳೆಣ್ಣೆ ಕುಡಿದವರ ಹಾಗಿತ್ತು!

ಮದುವೆಯ ವಯಸ್ಸು ಬಂತು. ಕೊಳ್ಳೇಗಾಲದ ಕಡೆಯ ಜಮೀನುದಾರರು ಹೆಣ್ಣು ನೋಡಲು ಬಂದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಗಂಡಿನ ಸೋದರಮಾವ ಕೇಳಿದರು, “ಹುಡ್ಗಿ ಏನಾರ ಕಲ್ತವ್ಳಾ?” ಪಕ್ಕದ ಮನೆಯಿಂದ ಎರವಲು ತಂದಿದ್ದ ಮಣಿತೋರಣವನ್ನು ನನ್ನದೆಂದು ತೋರಿಸಲು ಅಜ್ಜಿ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅಪ್ಪ ಎದೆಯುಬ್ಬಿಸಿ ಅಂದುಬಿಟ್ಟ, “ಈಜು ಕಲ್ತವ್ಳೆ ಕಣ್ರಿ. ನಮ್ಮೂರ್ ಕೆರೆನ ಈ ದಡದಿಂದ ಆ ದಡಕ್ಕೆ ದಾಟ್ತಾಳೆ!”

ಸೋದರಮಾವ ಕಾಫಿಲೋಟ ಕೆಳಗಿಟ್ಟರು. “ಗಂಡುಬೀರಿ ನಮ್ಗ್ಯಾಕೆ?” ಎಂದು ಎದ್ದೇಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ಮುಚ್ಚಿಡುತ್ತಿದ್ದರು. ಅಪ್ಪ ಸಂತೆಯಲ್ಲಿ, ಗಿರಣಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು: “ಬ್ಯಾಡ ಅಂದ್ಬುಟ್ರು ಕಣ್ಲಾ, ಕೆರೆ ದಾಟ್ತಾಳೆ ಅಂತ!” ಮಾನ ಮೂರು ಕಾಸಿಗೆ ಹೋಯಿತೆಂದು ಅಜ್ಜಿ ಅತ್ತಳು. ಮುಂದೆ ವರ್ಷ ಕಳೆದರೂ ಯಾರೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ನನಗೂ ಒಳಗೊಳಗೇ ಭಯವಿತ್ತು, ಸುಳ್ಳೇಕೆ ಹೇಳಲಿ. ಆದರೆ ಮಣಿತೋರಣದ ಸುಳ್ಳಿನಿಂದ ಮದುವೆಯಾಗುವುದಕ್ಕಿಂತ ಅಪ್ಪನ ಆ ಒಂದು ಮಾತಿನಿಂದ ಮನೆಯಲ್ಲೇ ಉಳಿಯುವುದು ಮೇಲು ಅನಿಸುತ್ತಿತ್ತು. ಈಗಲೂ ಹಾಗೇ ಅನಿಸುತ್ತದೆ.

ಆಮೇಲಿನ ಕಥೆ ನನ್ನ ಮಾವನವರು ಬಂದವರಿಗೆಲ್ಲ ಹೇಳುತ್ತಿದ್ದುದು. ಅವರದು ಸತ್ತೇಗಾಲ, ಕಾವೇರಿ ಪಕ್ಕದ ಗದ್ದೆ. ಒಂದು ದಿನ ಯಳಂದೂರಿನಲ್ಲಿ ಬಸ್ಸಿಳಿದು ಟೀ ಅಂಗಡಿಯವನನ್ನು ಕೇಳಿದರಂತೆ, “ಅದ್ಯಾರೋ ಕೆರೆ ದಾಟೋ ಹುಡ್ಗಿ ಅವ್ಳಂತಲ್ಲಪ್ಪ, ಅವ್ಳ ಮನೆ ಯಾವೂರು? ನಮ್ದು ಹೊಳೆ ದಂಡೆ. ನೀರಿಗೆ ಹೆದ್ರೋ ಸೊಸೆ ನಮ್ಗಾಗಕಿಲ್ಲ.”

ಅಂಗಡಿಯವನು ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲೆ ಕೂತಿದ್ದವನೊಬ್ಬ ಟೀ ಅರ್ಧಕ್ಕೇ ಬಿಟ್ಟು ಎದ್ದು ನಿಂತನಂತೆ.

“ಬನ್ನಿ ಸಾ, ನಾನೇ ಅವ್ಳಪ್ಪ.”